ಕೀಲಿಕೈ ಬೇಡದ ಪೆಟ್ಟಿಗೆ



ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದ ಮಂಟಪದಲ್ಲಿ ಹನ್ನೆರಡು ಕಂಬಗಳಿವೆ, ಒಂದೊಂದಕ್ಕೂ ಒಂದೊಂದು ರಾಶಿಯ ಗುರುತು. ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ ಎಂದು ಜೊತೆಗೆ ಬಂದವರು ವಿವರಿಸುತ್ತಾರೆ, ದೊಡ್ಡವರು ತಲೆಯೆತ್ತಿ ನೋಡುತ್ತಾರೆ. ಮಕ್ಕಳ ಕಣ್ಣು ಮಾತ್ರ ಬೇರೆ ಕಡೆ. ಕಂಬದ ಸಿಂಹಗಳ ಬಾಯೊಳಗೆ ಕಲ್ಲಿನ ಗುಂಡುಗಳಿವೆ. ಬೆರಳು ತೂರಿಸಿ ತಳ್ಳಿದರೆ ಉರುಳುತ್ತವೆ, ಹೊರಗೆ ಮಾತ್ರ ಬರುವುದಿಲ್ಲ. ಅದನ್ನು ಒಳಗೆ ಹಾಕಿದ್ದು ಹೇಗೆ ಅಂತ ಕೇಳದ ಮಗುವನ್ನು ನಾನಂತೂ ನೋಡಿಲ್ಲ.

ಉತ್ತರ ಏನೆಂದರೆ, ಹಾಕಿಯೇ ಇಲ್ಲ. ಸಿಂಹ ಯಾವ ಕಲ್ಲೋ ಗುಂಡೂ ಅದೇ ಕಲ್ಲು. ಹದಿನಾಲ್ಕನೇ ಶತಮಾನದ ಆ ಶಿಲ್ಪಿ ಹಲ್ಲುಗಳ ಸಂದಿನಿಂದ ಸಣ್ಣ ಉಳಿ ತೂರಿಸಿ, ಸುತ್ತಲ ಕಲ್ಲನ್ನು ಪುಡಿಪುಡಿಯಾಗಿ ತೆಗೆದು, ನಡುವೆ ಉಳಿದದ್ದನ್ನು ದುಂಡಗೆ ಮಾಡಿ ಬಿಟ್ಟ. ಕೊನೆಯ ಎಳೆ ಕಲ್ಲು ಕಡಿದ ಗಳಿಗೆಯಲ್ಲಿ ಗುಂಡು ಮೊದಲ ಸಲ ಅಲುಗಾಡಿತು. ನೋಡಿದವರಿಗೆ ಉಳಿಯುವುದು ಪ್ರಶ್ನೆ. ಆ ಪ್ರಶ್ನೆಯನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾನಲ್ಲ, ಅದಕ್ಕಾಗಿಯೇ ನನಗೆ ಅವನ ಮೇಲೆ ಬಹಳ ಗೌರವ.

ಇವತ್ತು ನಾನು ಮಾತಾಡಬೇಕೆಂದಿರುವುದು ಇದೇ ಜಾತಿಯ ಇನ್ನೊಂದು ವಸ್ತುವಿನ ಬಗ್ಗೆ, ಗುಟ್ಟಿನ ಪೆಟ್ಟಿಗೆಯ ಬಗ್ಗೆ. ಅದಕ್ಕೆ ಬೀಗವಿಲ್ಲ, ಕೀಲಿಕೈ ತೂರಿಸುವ ತೂತಿಲ್ಲ, ಚಿಲಕವಿಲ್ಲ, ಎಷ್ಟೋ ಸಲ ಮುಚ್ಚಳ ಯಾವ ಕಡೆ ಇದೆ ಅಂತಲೂ ತಿಳಿಯುವುದಿಲ್ಲ. ಆದರೂ ತೆರೆಯುತ್ತದೆ. ಒಂದು ಹಲಗೆಯನ್ನು ಕೂದಲೆಳೆಯಷ್ಟು ಸರಿಸಬೇಕು, ಆಮೇಲೆ ಇನ್ನೊಂದನ್ನು, ಅಥವಾ ಮಗುಚಬೇಕು, ಓರೆ ಮಾಡಬೇಕು, ಗಿರ್ರನೆ ತಿರುಗಿಸಬೇಕು. ಕ್ರಮ ತಪ್ಪಿದರೆ ಪೆಟ್ಟಿಗೆ ಸುಮ್ಮನೆ ಕೂತಿರುತ್ತದೆ. ಇಂಥವನ್ನು ಹುಡುಕಿ ಕೂಡಿಡುವವರು, ಬಿಡಿಸುವವರು, ಹೊಸದಾಗಿ ಕಟ್ಟುವವರು ಲೋಕದಲ್ಲೆಲ್ಲ ಇದ್ದಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಇದು ಪರದೇಶದ ಹುಚ್ಚು ಅನ್ನಿಸಬೇಕಾಗಿಲ್ಲ. ಇದರ ಅರ್ಧ ವಿದ್ಯೆ ನಮ್ಮ ಮನೆಗಳ ಮೆತ್ತಿನ ಮೇಲೆ ಧೂಳು ಹಿಡಿದು ಕೂತಿದೆ.

ಮಲೆನಾಡಿನ ಹಳೆಯ ಮನೆಗಳಲ್ಲಿ ಪೆಟ್ಟಿಗೆಯಿಲ್ಲದ ಮನೆ ಇರಲಿಲ್ಲ. ಬಟ್ಟೆಬರೆಗೆ ದೊಡ್ಡ ಸಂದೂಕ, ಕಾಗದಪತ್ರಕ್ಕೆ ಬೇರೆಯದು, ಅಡಿಕೆ ಲೆಕ್ಕದ ದುಡ್ಡಿಗೆ ಗಲ್ಲಾಪೆಟ್ಟಿಗೆ, ಹೆಂಗಸರ ಒಡವೆಗೆ ಸಣ್ಣದೊಂದು. ಬೀಟೆಯದೋ ಹಲಸಿನದೋ ಆಗಿರುತ್ತಿತ್ತು, ಮೂಲೆಗಳಿಗೆ ಹಿತ್ತಾಳೆ ಪಟ್ಟಿ. ಜಗಲಿಯಲ್ಲಿ ನೆಲಕ್ಕೆ ಕೂತು ಬರೆಯುವ ಇಳಿಜಾರು ಮೇಜೊಂದು ಲೆಕ್ಕ ಬರೆಯುವವರ ಮುಂದೆ ಇರುತ್ತಿತ್ತು. ಮೇಲಿನ ಹಲಗೆ ಎತ್ತಿದರೆ ಒಳಗೆ ಶಾಯಿಕುಡಿಕೆಗೆ, ಲೇಖನಿಗೆ, ಚಿಲ್ಲರೆಗೆ ಅಂತ ಖಾನೆಗಳು. ಇವುಗಳಲ್ಲಿ ಹಲವಕ್ಕೆ ಒಂದು ಕಳ್ಳಖಾನೆಯೂ ಇರುತ್ತಿತ್ತು. ಯಜಮಾನ ಹೇಳಿ ಮಾಡಿಸುತ್ತಿದ್ದ, ಆಚಾರ್ರು ಮಾಡಿ ಮರೆತಂತೆ ಇದ್ದುಬಿಡುತ್ತಿದ್ದರು. ಹೇಳದೆ ಕಣ್ಣುಮುಚ್ಚಿದ ಯಜಮಾನರ ಮನೆಗಳಲ್ಲಿ ಆ ಖಾನೆ ಇಂದಿಗೂ ಮುಚ್ಚಿಯೇ ಇರಬಹುದು.

ಕಳ್ಳಖಾನೆ ಮಾಡುವ ಬಗೆ ಬಹಳವೇನೂ ಇಲ್ಲ. ಎಲ್ಲಕ್ಕಿಂತ ಸರಳವಾದದ್ದು ಎರಡು ತಳದ ಪೆಟ್ಟಿಗೆ: ಕಣ್ಣಿಗೆ ಕಾಣುವ ತಳದ ಕೆಳಗೆ ಎರಡು ಬೆರಳು ಜಾಗ ಬಿಟ್ಟು ನಿಜವಾದ ತಳ. ಮೇಲಿನ ತಳ ತೋಡಿನಲ್ಲಿ ಕೂತಿರುತ್ತದೆ. ಒಂದು ಅಡ್ಡಪಟ್ಟಿಯನ್ನು ಮೇಲಕ್ಕೆ ಎಳೆದು ತೆಗೆದರೆ ಅದು ಜಾರುತ್ತದೆ. ಎರಡನೆಯದು ಖಾನೆಯ ಹಿಂದಿನ ಖಾನೆ. ಎಳೆಯುವ ಡ್ರಾಯರು ಹೊರಗಿನಿಂದ ನೋಡಿದರೆ ಪೂರ್ತಿ ಉದ್ದ, ಹೊರಕ್ಕೆ ತೆಗೆದು ನೋಡಿದರೆ ಗಿಡ್ಡ. ಉಳಿದ ಜಾಗದಲ್ಲಿ ಇನ್ನೊಂದು ಅಡಗಿರುತ್ತದೆ. ಮೂರನೆಯದನ್ನು ನಮ್ಮ ಜಿಲ್ಲೆಯ ಕಾಫಿ ತೋಟದ ಹಳೆಯ ಬಂಗಲೆಗಳಿಗೆ ಇಂಗ್ಲಿಷರು ತಂದರು. ಅವರ ಬರವಣಿಗೆ ಪೆಟ್ಟಿಗೆಗಳಲ್ಲಿ ಲೇಖನಿ ಇಡುವ ತಟ್ಟೆಯ ಪಕ್ಕ ತೆಳು ಹಲಗೆಯೊಂದು ಇರುತ್ತದೆ, ಅದರ ಹಿಂದೆ ಬಾಗಿಸಿದ ಸ್ಪ್ರಿಂಗು. ಸರಿಯಾದ ಜಾಗದಲ್ಲಿ ಬೆರಳಿನಿಂದ ಒತ್ತಿದರೆ ಹಲಗೆ ಟಪ್ಪೆಂದು ಮೇಲೇಳುತ್ತದೆ, ಹಿಂದೆ ಎರಡು ಮೂರು ಪುಟ್ಟ ಡ್ರಾಯರುಗಳು ಸಾಲಾಗಿ ಕೂತಿರುತ್ತವೆ, ಎಳೆಯಲು ಹಿಡಿಯ ಬದಲು ಸಣ್ಣ ಚರ್ಮದ ಕಿವಿ.

ನಿಮ್ಮ ಮನೆಯಲ್ಲಿ ಹಳೆಯ ಪೆಟ್ಟಿಗೆಯಿದ್ದರೆ ಹುಡುಕುವ ದಾರಿ ಹೇಳುತ್ತೇನೆ. ಸುತ್ತಿಗೆ ಬೇಡ, ಸ್ಕ್ರೂಡ್ರೈವರ್ ಬೇಡ. ಒಂದು ಅಳತೆಪಟ್ಟಿ ಸಾಕು. ಹೊರಗಿನ ಎತ್ತರ ಅಳೆಯಿರಿ, ಒಳಗಿನ ಆಳ ಅಳೆಯಿರಿ. ಅಂಚಿನಲ್ಲಿ ಕಾಣುವ ಹಲಗೆಯ ದಪ್ಪವನ್ನು ಕಳೆಯಿರಿ. ಲೆಕ್ಕ ಸರಿಹೋದರೆ ಏನೂ ಇಲ್ಲ. ಒಂದೂವರೆ ಅಂಗುಲ ಎಲ್ಲಿಗೋ ಹೋಗಿದ್ದರೆ ಅದು ಹೋದ ಜಾಗ ಕೆಳಗೇ ಇದೆ. ಉದ್ದಕ್ಕೂ ಅಗಲಕ್ಕೂ ಹೀಗೆಯೇ ಮಾಡಿ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ, ಪೊಳ್ಳಿರುವ ಕಡೆ ದನಿ ಬೇರೆ. ಕೊನೆಗೆ ಬೆಳಕನ್ನು ಪಕ್ಕದಿಂದ ಹಿಡಿದು ನೋಡಿ. ನೂರು ವರ್ಷ ಒಂದೇ ಜಾಗದಲ್ಲಿ ಬೆರಳು ಒತ್ತಿದ್ದರೆ ಮರದ ಮೇಲೆ ಅಲ್ಲಿ ಹೊಳಪು ಕೂತಿರುತ್ತದೆ. ಮರ ಎಷ್ಟೇ ಗುಟ್ಟು ಮಾಡಿದರೂ ತನ್ನನ್ನು ಮುಟ್ಟಿದ ಕೈಯನ್ನು ಮರೆಮಾಚುವುದಿಲ್ಲ.

ಬೀಗಗಳ ಕಥೆಯೂ ಇದರ ಜೊತೆಗಿದೆ. ನಮ್ಮ ದೇಶದ ಹಳೆಯ ಹಿತ್ತಾಳೆ, ಕಬ್ಬಿಣದ ಬೀಗಗಳಲ್ಲಿ ಕೀಲಿಕೈ ತೂತನ್ನೇ ಬಚ್ಚಿಟ್ಟವು ಎಷ್ಟೋ ಇವೆ. ಅಲಂಕಾರಕ್ಕೆ ಹೊಡೆದಂತೆ ಕಾಣುವ ಗುಬ್ಬಿಗಳಲ್ಲಿ ಒಂದನ್ನು ತಿರುಗಿಸಿದರೆ ಪಕ್ಕದ ತಗಡು ಸರಿಯುತ್ತದೆ, ತೂತು ಅದರ ಕೆಳಗೆ. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಮಾವಿನಕಾಯಿ ಆಕಾರದ ಬೀಗವನ್ನು ಕೈಯಲ್ಲೇ ಮಾಡುವವರು ಇನ್ನೂ ಇದ್ದಾರೆ. ಆ ಊರಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕೇರಳದ ಮಣಿಚಿತ್ರತಾಳು ಎಂಬ ಬಾಗಿಲ ಬೀಗದ ಹೆಸರನ್ನು 1993ರ ಮಲಯಾಳಂ ಸಿನಿಮಾ ಎಲ್ಲರ ಬಾಯಿಗೆ ತಂದಿತು. ಅದೇ ಕಥೆಯನ್ನು ನಾವು 2004ರಲ್ಲಿ ‘ಆಪ್ತಮಿತ್ರ’ದಲ್ಲಿ ನೋಡಿದೆವು.

ಕಳ್ಳಖಾನೆಗೂ ಗುಟ್ಟಿನ ಪೆಟ್ಟಿಗೆಗೂ ಒಂದು ವ್ಯತ್ಯಾಸವಿದೆ, ಇಡೀ ವಿಷಯ ನಿಂತಿರುವುದು ಅದರ ಮೇಲೆ. ಕಳ್ಳಖಾನೆ ಹುಟ್ಟಿದ್ದು ಭಯದಿಂದ. ಅದನ್ನು ಯಾರೂ ಕಂಡುಹಿಡಿಯಬಾರದು, ಕಂಡುಹಿಡಿದ ದಿನ ಅದು ಸೋತಂತೆ. ಗುಟ್ಟಿನ ಪೆಟ್ಟಿಗೆಯನ್ನು ಮಾಡುವವನಿಗೆ ಬೇಕಾದದ್ದು ಇದರ ತದ್ವಿರುದ್ಧ. ಯಾರೋ ಗುರುತಿಲ್ಲದ ಮನುಷ್ಯ, ಬಹುಶಃ ತಾನು ಸತ್ತ ಎಷ್ಟೋ ವರ್ಷಗಳ ಮೇಲೆ, ಅದನ್ನು ಕೈಗೆತ್ತಿಕೊಂಡು, ಬೇಸರಿಸದೆ, ಒಡೆಯದೆ, ಯೋಚನೆ ಮಾಡಿ ತೆರೆಯಬೇಕು ಎಂದೇ ಅವನು ಕೆಲಸ ಮಾಡುತ್ತಾನೆ. ತೆರೆಯಲಾಗದ ಪೆಟ್ಟಿಗೆಯನ್ನು ಯಾರು ಬೇಕಾದರೂ ಮಾಡಬಹುದು, ಮೊಳೆ ಹೊಡೆದರಾಯಿತು. ತೆರೆಯಲು ಕಷ್ಟವಾಗಬೇಕು, ಆದರೆ ತೆರೆದ ಮೇಲೆ ‘ಛೇ, ಇದು ನನ್ನ ಕಣ್ಣೆದುರೇ ಇತ್ತಲ್ಲ’ ಅನ್ನಿಸಬೇಕು. ಆ ನ್ಯಾಯ ಪೆಟ್ಟಿಗೆಯಲ್ಲಿರಬೇಕು.

ಈ ವಿದ್ಯೆಯನ್ನು ಒಂದು ಊರಿನ ಕಸುಬಾಗಿ ಬೆಳೆಸಿದವರು ಜಪಾನಿನ ಹಾಕೋನೆಯ ಬಡಗಿಗಳು. ಹಾಕೋನೆಯ ವಿವರ ಕೇಳಿದರೆ ನಮ್ಮ ಕಡೆಯ ಊರೇ ಇರಬೇಕು ಅನ್ನಿಸುತ್ತದೆ. ಗುಡ್ಡಗಾಡು, ಜೋರು ಮಳೆ, ಬಗೆಬಗೆಯ ಮರಗಳ ಕಾಡು, ನಡುವೆ ಹಾದುಹೋಗುವ ದಾರಿ. ಈಗಿನ ಟೋಕಿಯೋ ಆಗಿರುವ ಎದೋ ಪಟ್ಟಣದಿಂದ ಕ್ಯೋಟೋಗೆ ಹೋಗುವ ಹೆದ್ದಾರಿ ಆ ಘಟ್ಟ ಹತ್ತಿ ಇಳಿಯುತ್ತಿತ್ತು. ಯಾತ್ರಿಕರು, ವ್ಯಾಪಾರಿಗಳು, ಬಿಸಿನೀರಿನ ಬುಗ್ಗೆಯಲ್ಲಿ ಮೀಯಲು ಬಂದವರು ನೆನಪಿಗೊಂದು ವಸ್ತು ಕೊಳ್ಳುತ್ತಿದ್ದರು. ಅಲ್ಲಿನ ಹತಾಜುಕು ಎಂಬ ಹಳ್ಳಿಯಲ್ಲಿ ಇಶಿಕಾವಾ ನಿಹೇ ಎಂಬ ಕುಶಲಿ, 1790ರಿಂದ 1850ರವರೆಗೆ ಬದುಕಿದ್ದವನು, ಬೇರೆ ಬೇರೆ ಬಣ್ಣದ ಮರದ ಕಡ್ಡಿಗಳನ್ನು ಅಂಟಿಸಿ ಚಿತ್ತಾರ ಬರಿಸುವ ಕೆಲಸ ಶುರುಮಾಡಿದ ಎನ್ನುತ್ತಾರೆ. ಬಣ್ಣ ಬಳಿಯುವುದಿಲ್ಲ, ಮರದ ಸ್ವಂತ ಬಣ್ಣವೇ. ಕಡ್ಡಿಗಳ ಕಟ್ಟನ್ನು ಅಡ್ಡಕ್ಕೆ ಕೊಯ್ದು ಉಜ್ಜುಗೊರಡಿನಿಂದ ಕಾಗದದಷ್ಟು ತೆಳುವಾದ ಹಾಳೆ ತೆಗೆದು ಪೆಟ್ಟಿಗೆಗೆ ಹೊದಿಸುತ್ತಾರೆ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೋಡಿದವರಿಗೆ ಇದರ ಸೊಗಸು ಬೇಗ ಅರ್ಥವಾಗುತ್ತದೆ. ಜಪಾನ್ ಸರ್ಕಾರ 1984ರಲ್ಲಿ ಹಾಕೋನೆಯ ಈ ಕೆಲಸವನ್ನು ಸಾಂಪ್ರದಾಯಿಕ ಕುಶಲಕಲೆ ಎಂದು ಗುರುತಿಸಿತು.

ಚಿತ್ತಾರ ಅಂದಕ್ಕಷ್ಟೇ ಅಲ್ಲ, ಅದರಿಂದ ಬೇರೆ ಕೆಲಸವೂ ಆಗುತ್ತದೆ. ಅಷ್ಟೊಂದು ಗೆರೆಗಳ ನಡುವೆ ಹಲಗೆಯ ನಿಜವಾದ ಸಂದು ಯಾವುದು ಎಂದು ಕಣ್ಣಿಗೆ ಸಿಕ್ಕುವುದಿಲ್ಲ. ಅಂಥ ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದಿದ್ದೀರಿ ಎಂದುಕೊಳ್ಳಿ. ಅಂಗೈಯಗಲ, ನಾಲ್ಕು ಬೆರಳು ಎತ್ತರ. ಆರು ಮುಖವೂ ಒಂದೇ ಥರ. ಎರಡೂ ಹೆಬ್ಬೆರಳಿನಿಂದ ಒಂದೊಂದು ಮುಖವನ್ನು ಮೆಲ್ಲಗೆ ಒತ್ತಿ ತಳ್ಳುತ್ತ ಹೋದರೆ ಒಂದು ತುದಿಯ ಹಲಗೆ ಕೆಳಕ್ಕೆ ಎರಡು ಮಿಲಿಮೀಟರ್ ಜಾರುತ್ತದೆ, ನಿಲ್ಲುತ್ತದೆ. ಅಷ್ಟೇ. ಆದರೆ ಆ ಎರಡು ಮಿಲಿಮೀಟರ್‌ನಿಂದಾಗಿ ಪಕ್ಕದ ಉದ್ದ ಹಲಗೆಯ ನಾಲಗೆ ತೋಡಿನಿಂದ ಬಿಡುಗಡೆಯಾಗಿದೆ. ಈಗ ಅದು ಅಡ್ಡಕ್ಕೆ ಸರಿಯುತ್ತದೆ. ಅದು ಸರಿದದ್ದಕ್ಕೆ ಇನ್ನೊಂದು ತುದಿ ಇಳಿಯುತ್ತದೆ. ಹೀಗೆ ನಾಲ್ಕು, ಹತ್ತು, ಇಪ್ಪತ್ತೊಂದು, ಎಪ್ಪತ್ತೆರಡು ನಡೆಯ ಪೆಟ್ಟಿಗೆಗಳಿವೆ. ಕೊನೆಯ ನಡೆಗೆ ಮುಚ್ಚಳ ಪೂರ್ತಿ ಜಾರಿ ಬರುತ್ತದೆ. ಮುಚ್ಚಲು ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು, ಒಂದು ನಡೆಯನ್ನೂ ಹಾರಿಸುವಂತಿಲ್ಲ.

ಈಗಿನ ಕಾಲಕ್ಕೆ ಈ ವಿದ್ಯೆಯನ್ನು ಹೊಸ ದಿಕ್ಕಿಗೆ ತಿರುಗಿಸಿದವರು ಜಪಾನಿನದೇ ಕುಶಲಿ ಅಕಿಯೋ ಕಮೇಯಿ. ಅವರು ಕಟ್ಟಿದ ಕರಕುರಿ, ಅಂದರೆ ಗುಟ್ಟಿನ ಕೀಲುಗಳ, ಕುಶಲಿಗಳ ಬಳಗದವರಿಗೆ ನಡೆಗಳ ಸಂಖ್ಯೆಯ ಹಂಗಿಲ್ಲ. ಎಪ್ಪತ್ತೆರಡು ಸಲ ಒಂದೇ ಥರ ಜಾರಿಸುವುದಕ್ಕಿಂತ ಎರಡೇ ನಡೆಯಲ್ಲಿ ಮನಸ್ಸನ್ನು ಅಚ್ಚರಿಗೊಳಿಸುವ ಪೆಟ್ಟಿಗೆ ದೊಡ್ಡದು ಎಂದು ಅವರು ನಂಬಿದ್ದಾರೆ. ನಾನೂ ಅದೇ ಪಕ್ಷ. ಸಂಖ್ಯೆ ಬೆಳೆಸುವುದು ಸುಲಭ. ಸರಳಿಗೆ ಸಿಕ್ಕಿಸಿದ ಉಂಗುರಗಳನ್ನು ಬಿಡಿಸುವ ಚೀನಾದ ಆಟವನ್ನೇ ನೋಡಿ, ಇಟಲಿಯ ಗಣಿತಜ್ಞ ಕಾರ್ಡಾನೋ 1550ರಲ್ಲೇ ಅದರ ಬಗ್ಗೆ ಬರೆದಿದ್ದಾನೆ. ಒಂದು ಉಂಗುರ ತೆಗೆಯಲು ಪಕ್ಕದ್ದು ಇರಬೇಕು, ಅದರ ಹಿಂದಿನವು ಯಾವುವೂ ಇರಬಾರದು. ಐದು ಉಂಗುರ ಬಿಡಿಸಲು 21 ನಡೆ, ಏಳಕ್ಕೆ 85, ಒಂಬತ್ತಕ್ಕೆ 341. ಎರಡೆರಡು ಉಂಗುರ ಸೇರಿಸಿದಂತೆಲ್ಲ ಕೆಲಸ ಸುಮಾರು ನಾಲ್ಕು ಪಟ್ಟಾಗುತ್ತದೆ, ಆದರೆ ಹೊಸ ಯೋಚನೆ ಒಂದೂ ಬೇಕಾಗುವುದಿಲ್ಲ. ಸೂತ್ರ ತಿಳಿದವನಿಗೆ ಉಳಿಯುವುದು ಬೆರಳ ದುಡಿಮೆ.

ಇನ್ನು ಬಿಡಿಸುವ ಮಾತು. ಗುಟ್ಟಿನ ಪೆಟ್ಟಿಗೆ ಕೈಗೆ ಬಂದ ಕೂಡಲೇ ಗಂಡಸರು ಸಾಮಾನ್ಯವಾಗಿ ಮಾಡುವ ಕೆಲಸ ಬಲ ಹಾಕುವುದು. ದಯವಿಟ್ಟು ಬೇಡ. ಒಳಗಿನ ಕೀಲು ಬೆಂಕಿಕಡ್ಡಿಗಿಂತ ದಪ್ಪ ಇರುವುದಿಲ್ಲ. ಸರಿಯಾದ ನಡೆಗೆ ಬಲವೇ ಬೇಡ, ಬಲ ಬೇಕು ಅನ್ನಿಸಿದರೆ ನಡೆ ತಪ್ಪಿದೆ ಎಂದೇ ಅರ್ಥ. ಮೊದಲು ಸುಮ್ಮನೆ ಹಿಡಿದು ತೂಕ ನೋಡಿ, ಒಂದು ಕಡೆ ಭಾರವಿದೆಯೇ? ಕಿವಿಯ ಹತ್ತಿರ ತಂದು ನಿಧಾನವಾಗಿ ಓರೆ ಮಾಡಿ. ಒಳಗೆ ಏನೋ ಉರುಳಿತು, ಯಾವ ಕಡೆಯಿಂದ ಯಾವ ಕಡೆಗೆ? ಎಲ್ಲಿ ನಿಂತಿತು? ಮತ್ತೆ ಮಗುಚಿದಾಗ ಅದೇ ದನಿಯೋ ಬೇರೆಯೋ? ಮರದ ಎಳೆ ಯಾವ ದಿಕ್ಕಿಗೆ ಓಡುತ್ತದೆ ನೋಡಿ. ಅಕ್ಕಪಕ್ಕದ ಹಲಗೆಗಳ ಎಳೆ ಒಂದಕ್ಕೊಂದು ಕೂಡದೆ ಇದ್ದರೆ ಅಲ್ಲಿ ಬಡಗಿಗೆ ಏನೋ ಕಾರಣವಿತ್ತು. ಇಷ್ಟಾದ ಮೇಲೆ ಬೆರಳು. ನಮ್ಮ ಕಡೆಯ ಅಜ್ಜಿಯರು, ಜೀವನವಿಡೀ ಹೂ ಕಟ್ಟಿದವರು, ಅಡಿಕೆ ಸುಲಿದವರು, ಈ ಕೆಲಸದಲ್ಲಿ ಓದಿದ ಹುಡುಗರಿಗಿಂತ ಮುಂದಿರುವುದನ್ನು ಕಂಡಿದ್ದೇನೆ. ಅವರ ಬೆರಳಿಗೆ ಅರ್ಧ ಮಿಲಿಮೀಟರ್ ಅಲುಗಾಟ ತಿಳಿಯುತ್ತದೆ, ಮತ್ತು ಅವರಿಗೆ ಅವಸರವಿಲ್ಲ.

ಕಟ್ಟುವವರ ಕಷ್ಟ ಬೇರೆ. ನಮ್ಮ ಸೀಮೆಯಲ್ಲಿ ಅವರ ಎದುರಾಳಿ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಅದರ ಮಗ್ಗುಲಲ್ಲಿರುವ ಶೃಂಗೇರಿಯಲ್ಲಿ 3,000 ಮೀರುತ್ತದೆ. ನರಸಿಂಹರಾಜಪುರ ಬಯಲಿನ ಕಡೆಗೆ ಸರಿದಿರುವುದರಿಂದ ಅಲ್ಲಿ ತುಂಬ ಕಡಿಮೆ. ಮರಕ್ಕೆ ಇದೆಲ್ಲ ಗೊತ್ತಾಗುತ್ತದೆ. ಗಾಳಿಯ ತೇವ ಕುಡಿದು ಅದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಹೆಚ್ಚು. ಅದರಲ್ಲೂ ವರ್ಷದ ಬಳೆಗಳ ಗುಂಟ ಕೊಯ್ದ ಹಲಗೆ, ತಿರುಳಿನಿಂದ ತೊಗಟೆಯ ಕಡೆಗೆ ನೇರ ಕೊಯ್ದ ಹಲಗೆಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ನೂರು ಮಿಲಿಮೀಟರ್ ಅಗಲದ ಸಾಗುವಾನಿ ಹಲಗೆ ಶಿವರಾತ್ರಿಯಿಂದ ಆಷಾಢಕ್ಕೆ ಬರುವಾಗ ಒಂದು ಮಿಲಿಮೀಟರ್ ಆಸುಪಾಸು ಬೆಳೆಯಬಲ್ಲದು. ನಡೆಯೇ ಎರಡು ಮಿಲಿಮೀಟರ್ ಇರುವ ಪೆಟ್ಟಿಗೆಯಲ್ಲಿ ಒಂದು ಮಿಲಿಮೀಟರ್ ಎಂದರೆ ಸರ್ವನಾಶ. ಮಾಘದಲ್ಲಿ ಬೆಣ್ಣೆಯಂತೆ ಜಾರಿದ ಮುಚ್ಚಳ ಆರಿದ್ರ, ಪುನರ್ವಸು ಮಳೆಗೆ ಕಚ್ಚಿಕೊಂಡು ಕೂರುತ್ತದೆ. ಬಿಡಿಸುವವನು ಪಾಪ, ತನ್ನ ಬುದ್ಧಿಯನ್ನು ಬೈದುಕೊಳ್ಳುತ್ತಾನೆ.

ನಮ್ಮ ಹಳೆಯ ಆಚಾರ್ರುಗಳಿಗೆ ಈ ಪಾಠ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಲೆನಾಡಿನ ಬಾಗಿಲುಗಳ ನಡುಹಲಗೆಯನ್ನು ಅವರು ಚೌಕಟ್ಟಿಗೆ ಅಂಟಿಸುತ್ತಿರಲಿಲ್ಲ, ಮೊಳೆಯನ್ನೂ ಹೊಡೆಯುತ್ತಿರಲಿಲ್ಲ. ತೋಡಿನೊಳಗೆ ಸಡಿಲವಾಗಿ ಕೂರಿಸುತ್ತಿದ್ದರು, ಅದು ಮಳೆಗಾಲದಲ್ಲಿ ಹಿಗ್ಗಲಿ, ಬೇಸಿಗೆಯಲ್ಲಿ ಕುಗ್ಗಲಿ, ಚೌಕಟ್ಟಿಗೆ ನೋವಾಗುತ್ತಿರಲಿಲ್ಲ. ಕೊಯ್ದ ಹಲಗೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಹೊಗೆ ಕುಡಿಸಿ ಒಣಗಿಸಿದ ಮೇಲೇ ಸೂಕ್ಷ್ಮ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಗುಟ್ಟಿನ ಪೆಟ್ಟಿಗೆಗೆ ಬೇಕಾದದ್ದು ಇದೇ ಎರಡು ಜಾಣತನ. ಮೂರನೆಯದೊಂದನ್ನು ನಾನು ಸೇರಿಸುತ್ತೇನೆ: ಜಾರುವ ಹಲಗೆಯ ಎಳೆ ಯಾವಾಗಲೂ ಅದು ಜಾರುವ ದಿಕ್ಕಿಗೇ ಇರಲಿ, ಅಡ್ಡ ಅಗಲಕ್ಕೆ ಉಸಿರಾಡುವ ಜಾಗ ಬಿಡಿ. ಬಿಟ್ಟ ಸಂದನ್ನು ಅಂಚಿನ ಪಟ್ಟಿಯ ಕೆಳಗೆ ಮರೆಮಾಡಬಹುದು.

ಮಳೆಗೆ ಹೆದರದ ಕೀಲುಗಳೂ ಇವೆ. ಅವುಗಳಲ್ಲಿ ನನಗೆ ಇಷ್ಟವಾದದ್ದು ಬೀಳುವ ಕೀಲು. ಮರದಲ್ಲಿ ನೆಟ್ಟಗೆ ಒಂದು ರಂಧ್ರ, ಅದರೊಳಗೆ ಸಡಿಲವಾಗಿ ಓಡಾಡುವ ಹಿತ್ತಾಳೆ ಕಡ್ಡಿ. ಪೆಟ್ಟಿಗೆ ನೆಟ್ಟಗಿರುವಾಗ ಕಡ್ಡಿ ತನ್ನ ಭಾರಕ್ಕೆ ಕೆಳಗಿಳಿದು ಡ್ರಾಯರಿನ ಕುಳಿಯೊಳಗೆ ಕೂತು ಹಿಡಿದುಕೊಳ್ಳುತ್ತದೆ. ಮಗುಚಿದರೆ ಹಿಂದಕ್ಕೆ ಬಿದ್ದು ದಾರಿ ಬಿಡುತ್ತದೆ. ಎರಡು ಕಡ್ಡಿಗಳನ್ನು ಬೇರೆ ಬೇರೆ ದಿಕ್ಕಿಗೆ ಇಟ್ಟರೆ ಬರೀ ಮಗುಚಿದರೆ ಸಾಲದು, ಓರೆಯೂ ಮಾಡಬೇಕು. ನಡುವಿನಿಂದ ಹೊರಕ್ಕೆ ಅಡ್ಡಡ್ಡ ಇಟ್ಟರೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಗಿರ್ರನೆ ತಿರುಗಿಸಿದಾಗ ಕಡ್ಡಿಗಳು ಎರಡೂ ಕಡೆ ಚಿಮ್ಮಿ ಬಿಡುತ್ತವೆ.

ನಾನು ಕಟ್ಟಿದ ಒಂದು ಪೆಟ್ಟಿಗೆಯ ವಿವರ ಕೊಡುತ್ತೇನೆ. ಅದು ಎಲೆಯಡಿಕೆ ಪೆಟ್ಟಿಗೆ, ಹಲಸಿನ ಮರದ್ದು. ಮುಚ್ಚಳ ಎಲ್ಲರಿಗೂ ತೆರೆಯುತ್ತದೆ, ಅದರಲ್ಲಿ ಗುಟ್ಟಿಲ್ಲ. ಒಳಗೆ ಎಲೆಗೆ, ಅಡಿಕೆಗೆ, ಸುಣ್ಣದ ಡಬ್ಬಿಗೆ ಮೂರು ಖಾನೆ. ಕೆಳಗೆ ಒಂದು ಡ್ರಾಯರು ಅಡಗಿದೆ, ಅದನ್ನು ಎರಡು ಕೀಲುಗಳು ಹಿಡಿದಿವೆ. ಒಂದು ಬೀಳುವ ಹಿತ್ತಾಳೆ ಕಡ್ಡಿ. ಇನ್ನೊಂದು, ಅಡಿಕೆಗೂ ಸುಣ್ಣಕ್ಕೂ ನಡುವಿನ ಅಡ್ಡಹಲಗೆಯ ಕೆಳತುದಿ. ಖಾನೆಗಳು ತುಂಬಿರುವಾಗ ಪೆಟ್ಟಿಗೆಯನ್ನು ಯಾರೂ ಮಗುಚುವುದಿಲ್ಲ, ಮಗುಚಿದರೆ ಎಲೆ ಅಡಿಕೆ ಜಗಲಿಯ ಪಾಲು. ಎಲ್ಲವನ್ನೂ ತೆಗೆದು ತಟ್ಟೆಯಲ್ಲಿಟ್ಟು ನೆಂಟರಿಗೆ ಕೊಟ್ಟವನಿಗೆ ಮಾತ್ರ ಪೆಟ್ಟಿಗೆ ಬರಿದಾಗುತ್ತದೆ. ಬರಿದಾದ ಪೆಟ್ಟಿಗೆಯನ್ನು ಎತ್ತಿಟ್ಟಾಗ ಒಳಗೆ ‘ಟಕ್’ ಎಂಬ ಸಣ್ಣ ದನಿ, ತುಂಬಿದ್ದಾಗ ಅದು ಕೇಳುತ್ತಿರಲಿಲ್ಲ. ಬಿಡಿಸುವವನಿಗೆ ನಾನು ಕೊಟ್ಟ ಸುಳಿವು ಅದೊಂದೇ. ಅವನು ಅಡ್ಡಹಲಗೆಯನ್ನು ಒಂದು ಬೆರಳಗಲ ಮೇಲಕ್ಕೆ ಎಳೆದು, ಪೆಟ್ಟಿಗೆಯನ್ನು ಬೋರಲು ಹಾಕಿದರೆ ಡ್ರಾಯರು ಹೊರಗೆ ಬರುತ್ತದೆ. ಎರಡೇ ನಡೆ. ಆದರೆ ಅಲ್ಲಿಗೆ ಮುಟ್ಟಲು ಮೊದಲು ಎಲೆಯಡಿಕೆ ಹಂಚಬೇಕು. ಮಲೆನಾಡಿನ ಮನೆಗೆ ಬಂದವರಿಗೆ ಮೊದಲು ಕೊಡುವುದೇ ಅದಲ್ಲವೇ?

ಕೂಡಿಡುವವರ ವಿಷಯಕ್ಕೆ ಬರೋಣ. ಅಮೆರಿಕದ ಜೆರ್ರಿ ಸ್ಲೋಕಮ್ ಎಂಬುವರು 1978ರಲ್ಲಿ ತಮ್ಮ ಮನೆಗೆ ಇದೇ ಹುಚ್ಚಿನ ಕೆಲವು ಗೆಳೆಯರನ್ನು ಕರೆದರು. ಅದು ಈಗ ದೇಶದಿಂದ ದೇಶಕ್ಕೆ ಸುತ್ತುವ ಅಂತರರಾಷ್ಟ್ರೀಯ ಕೂಟವಾಗಿ ಬೆಳೆದಿದೆ. 2006ರಲ್ಲಿ ಅವರು ತಮ್ಮ ಸಂಗ್ರಹವನ್ನು, ಅಂದರೆ 30,000ಕ್ಕೂ ಹೆಚ್ಚು ಯಾಂತ್ರಿಕ ಒಗಟುಗಳನ್ನು, ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಗ್ರಂಥಾಲಯಕ್ಕೆ ಕೊಟ್ಟರು. ಪುಸ್ತಕಗಳ ನಡುವೆ ಒಗಟುಗಳಿಗೂ ಜಾಗ ಸಿಕ್ಕಿತು. ನಮ್ಮಲ್ಲೂ ಈ ಮನಸ್ಸು ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು, 1794ರಿಂದ 1868ರವರೆಗೆ ಬಾಳಿದವರು, ಪಗಡೆ, ಎಲೆಯಾಟ, ಚದುರಂಗದ ಕುದುರೆ ನಡೆಯ ಲೆಕ್ಕಗಳಲ್ಲಿ ಮುಳುಗಿದ್ದವರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಇರುವುದೇ ಆಟಗಳ ಬಗ್ಗೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮಣೆಯಾಟಗಳನ್ನು ಕ್ರೀಡಾ ಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಮತ್ತೆ ಜನರ ಕೈಗೆ ಕೊಟ್ಟಿದೆ. ಪೆಟ್ಟಿಗೆಗಳಿಗೂ ಬೀಗಗಳಿಗೂ ಅಂಥದೊಂದು ಆಸರೆ ಮಲೆನಾಡಿನಲ್ಲೇ ಆಗಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಯಾಕೆಂದರೆ ಹಳೆಯ ಮನೆ ಕೆಡವಿದಾಗೆಲ್ಲ ಪೆಟ್ಟಿಗೆ ಲಾರಿ ಹತ್ತಿ ದೊಡ್ಡ ಊರಿನ ಅಂಗಡಿ ಸೇರುತ್ತದೆ, ಹಿತ್ತಾಳೆ ಪಟ್ಟಿ ಪಾಲಿಶ್ ಕಂಡು ಹೊಳೆಯುತ್ತದೆ, ಅದು ಯಾವ ಊರಿನದು, ಯಾರ ಮನೆಯದು, ಯಾವ ಆಚಾರ್ರು ಮಾಡಿದ್ದು ಎಂಬುದು ಅಲ್ಲಿಗೆ ಮುಗಿಯುತ್ತದೆ. ಮಾರಲೇಬೇಕಾದರೆ ಮಾರಿ, ಅದು ನಿಮ್ಮ ಕಷ್ಟ. ಅದಕ್ಕೆ ಮುಂಚೆ ಫೋನಿನಲ್ಲಿ ನಾಲ್ಕು ಚಿತ್ರ ತೆಗೆದು, ಒಳಗಿನ ಹೊರಗಿನ ಅಳತೆ ಬರೆದು, ಮನೆಯ ಹಿರಿಯರಿಗೆ ತಿಳಿದದ್ದನ್ನು ಅದರ ಜೊತೆಗೆ ಬರೆದಿಡಿ.

ಹೊಸದಾಗಿ ಕಟ್ಟುವವರಿಗೆ ಮರದ ಬಗ್ಗೆ ಒಂದು ಮಾತು. ಬೀಟೆಯ ಆಸೆ ಬೇಡ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. 2017ರಿಂದ ಅದರ ಕುಲದ ಮರಗಳೆಲ್ಲವೂ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿವೆ. ಪೆಟ್ಟಿಗೆಗೆ ಬೇಕಾಗುವುದು ಗೇಣುದ್ದದ ಚೂರುಗಳು. ಕೆಡವಿದ ಮನೆಯ ತುಂಡು ಬಾಗಿಲು, ಹಲಸಿನ ಮುರಿದ ಮಣೆ, ಹೊನ್ನೆಯ ಚೂರು, ತೋಟದಲ್ಲಿ ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಕಾಂಡ ಕೂಡ ಆದೀತು. ಕಾಫಿ ಮರ ಬಿಳಿ, ಗಟ್ಟಿ, ನುಣ್ಣಗೆ ಉಜ್ಜಿಸಿಕೊಳ್ಳುತ್ತದೆ. ನೂರು ವರ್ಷ ಒಣಗಿದ ಹಳೆಯ ಬಾಗಿಲ ಮರಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟರೂ ಸಿಕ್ಕುವುದಿಲ್ಲ.

ಮೊದಲ ಪೆಟ್ಟಿಗೆಗೆ ಒಂದು ಡ್ರಾಯರು, ಒಂದು ಬೀಳುವ ಕೀಲು ಸಾಕು. ಕೀಲಿನ ರಂಧ್ರವನ್ನು ಕಡ್ಡಿಗಿಂತ ಅರ್ಧ ಮಿಲಿಮೀಟರ್ ದೊಡ್ಡದಾಗಿ ಕೊರೆಯಿರಿ, ಒಳಗೆ ಎಣ್ಣೆ ಹಾಕಬೇಡಿ, ಧೂಳು ಹಿಡಿದು ಕಡ್ಡಿ ನಿಂತುಬಿಡುತ್ತದೆ. ಜಾರುವ ಅಂಚಿಗೆ ಜೇನುಮೇಣ ಉಜ್ಜಿ. ತಳದ ಹಲಗೆಗೆ ಅಂಟು ಹಾಕುವುದಾದರೆ ನಡುವೆ ಒಂದು ಕಡೆ ಮಾತ್ರ, ನಾಲ್ಕೂ ಅಂಚು ಬಿಡುವಾಗಿರಲಿ. ಕಟ್ಟಿ ಮುಗಿದದ್ದನ್ನು ಯಾರಿಗೂ ಕೊಡದೆ ಒಂದು ಮಳೆಗಾಲ ಮನೆಯಲ್ಲೇ ಇಟ್ಟುಕೊಳ್ಳಿ. ಪುಷ್ಯ ಮಳೆ ಸುರಿಯುವ ದಿನ ತೆರೆದು ನೋಡಿ, ಕಚ್ಚಿಕೊಂಡ ಕಡೆ ಪೆನ್ಸಿಲಿನಿಂದ ಗುರುತು ಹಾಕಿ, ಬೇಸಿಗೆ ಬಂದ ಮೇಲೆ ಅಷ್ಟನ್ನೇ ಉಜ್ಜಿ.